ಹಿತ್ತಲಿನ ಮೂರು ಹುಂಜಗಳಲ್ಲಿ ಹಸಿರು ತತ್ತಿಯ ಗುಣ ಯಾವುದರಲ್ಲಿದೆ?

ಪ್ರಶ್ನೆ: ಎಡದಂಡೆಯ ರೈತ, ಕಾರಟಗಿ (ಕೊಪ್ಪಳ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರಟಗಿಯ ಹತ್ತಿರ, ತುಂಗಭದ್ರಾ ಎಡದಂಡೆ ನಾಲೆಯ ಬಯಲಿನ ಒಂದು ಹಳ್ಳಿ. ಮನೆಯ ಹಿಂದಿನ ದೊಡ್ಡ ಹಿತ್ತಲಿನಲ್ಲಿ ನಮ್ಮ ತಾಯಿಯ ಕಾಲದಿಂದಲೂ ಜವಾರಿ ಕೋಳಿಗಳಿವೆ. ಎರಡು ವರ್ಷದ ಹಿಂದೆ ನೀಲಿ ತತ್ತಿಗಳ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ಆಸೆಪಟ್ಟು, ‘ಅಮೆರಿಕಾನಾ ತಳಿ’ ಎಂದು ಹೇಳಿಕೊಂಡ ಮಾರಾಟಗಾರರೊಬ್ಬರಿಂದ ಕಾವಿಗಿಡುವ ಒಂದು ಡಜನ್ ತತ್ತಿ ತರಿಸಿದೆ. ಬಸ್ಸಿನಲ್ಲಿ ಬಂದ ಆ ಹನ್ನೆರಡರಲ್ಲಿ ಏಳು ತಿಳಿನೀಲಿಯವು, ಐದು ಹಸಿರು ಛಾಯೆಯವು. ಜವಾರಿ ಹೇಂಟೆಯ ಕೆಳಗೆ ಇಟ್ಟದ್ದರಲ್ಲಿ ನಾಲ್ಕೇ ಮರಿಯಾದವು, ಅವುಗಳಲ್ಲಿ ಎರಡನ್ನು ಮುಂಗುಸಿ ಒಯ್ದಿತು, ಉಳಿದ ಎರಡೂ ಬೆಳೆದು ಹುಂಜಗಳಾದವು. ಹೀಗಾಗಿ ನಾನು ಹಣ ಕೊಟ್ಟು ಕೊಂಡ ನೀಲಿ ತತ್ತಿಯನ್ನು ಇದುವರೆಗೆ ಕಂಡಿರುವುದು ಆ ಡಬ್ಬಿಯಲ್ಲಿ ಮಾತ್ರ.

ಈಗ ಹಿತ್ತಲಿನಲ್ಲಿ ಮೂರು ಹುಂಜಗಳಿವೆ. ಮೊದಲನೆಯದು ಬೂದುಬಣ್ಣದ್ದು, ಕೆನ್ನೆಯ ಮೇಲೂ ಕೊಕ್ಕಿನ ಕೆಳಗೂ ಗಡ್ಡದಂತೆ ದಟ್ಟ ಗರಿ ಇದೆ, ಜುಟ್ಟು ಸಣ್ಣದಾಗಿ ತಲೆಗೆ ಅಂಟಿಕೊಂಡಂತಿದ್ದು ಮೂರು ಸಾಲು ಗುಳ್ಳೆಗಳಂತೆ ಕಾಣುತ್ತದೆ. ಅದು ತಿಳಿನೀಲಿ ತತ್ತಿಯಿಂದ ಬಂದದ್ದು, ಒಡೆದ ಚಿಪ್ಪನ್ನು ನಾನೇ ನೋಡಿದ್ದೇನೆ. ಎರಡನೆಯದು ಕೆಂಪು ಹುಂಜ. ಹಸಿರು ತತ್ತಿಯಿಂದ ಬಂದದ್ದು, ಗಡ್ಡವಿಲ್ಲ, ಜುಟ್ಟು ಸಾಮಾನ್ಯ ಕೋಳಿಗಳಂತೆ ಗರಗಸದ ಹಲ್ಲಿನದು. ಮೂರನೆಯದು ನಮ್ಮ ಮನೆಯದೇ ಅಸೀಲ್ (ಕಾಳಗದ ಕೋಳಿ ತಳಿ) ಮಿಶ್ರ ಹುಂಜ. ಎತ್ತರವಾಗಿದೆ, ಅದಕ್ಕೂ ಗುಳ್ಳೆ ಜುಟ್ಟೇ ಇದೆ. ಹೇಂಟೆಗಳಲ್ಲಿ ಹದಿನಾಲ್ಕು ಜವಾರಿಯವು, ಅವುಗಳಲ್ಲಿ ಕೆಲವಕ್ಕೆ ಅಸೀಲ್ ರಕ್ತ ಬೆರೆತಿದೆ. ಮೂರು ಗಿರಿರಾಜ (ಹಿತ್ತಲಿನಲ್ಲಿ ಸಾಕಲೆಂದೇ ರೂಪಿಸಿದ ತಳಿ), ಎರಡು ವಯಸ್ಸಾದ ಬಿಳಿ ಲೆಗ್‌ಹಾರ್ನ್.

ಕಳೆದ ದೀಪಾವಳಿಯಿಂದ ಶಿವರಾತ್ರಿಯವರೆಗೆ ಎಲ್ಲವನ್ನೂ ಒಟ್ಟಿಗೇ ಬಿಟ್ಟು ಮರಿ ಮಾಡಿಸಿದೆ. ಅದರಿಂದ ಬೆಳೆದ ಹನ್ನೊಂದು ಎಳೆ ಹೇಂಟೆಗಳು ಈಗ ತತ್ತಿಯಿಡುತ್ತಿವೆ. ಎರಡು ಮಾತ್ರ ಹಸಿರು ತತ್ತಿಯಿಡುತ್ತವೆ, ಉಳಿದ ಒಂಬತ್ತರದು ನಮ್ಮ ಎಂದಿನ ಕೆನೆಬಣ್ಣ. ನನ್ನ ಮುಖ್ಯ ಪ್ರಶ್ನೆ ಇಷ್ಟೇ: ಮೂರರಲ್ಲಿ ಯಾವ ಹುಂಜವನ್ನು ಉಳಿಸಿಕೊಂಡರೆ ಬಣ್ಣದ ತತ್ತಿಯ ಹೇಂಟೆಗಳು ಹೆಚ್ಚುತ್ತವೆ? ಗುಳ್ಳೆ ಜುಟ್ಟಿನ ಹುಂಜವೇ ನೀಲಿ ತತ್ತಿಯ ಗುರುತು ಎಂದು ಒಬ್ಬರು ಹೇಳಿದರು, ಆದರೆ ನಮ್ಮಲ್ಲಿ ಆ ಜುಟ್ಟಿನವು ಎರಡಿವೆ. ಬೂದು ಹುಂಜ ಮೆಟ್ಟಿದರೆ ಈಗಿರುವ ಹೇಂಟೆಗಳೇ ನೀಲಿ ತತ್ತಿ ಇಡಲಾರಂಭಿಸುತ್ತವೆ ಎಂದು ಪಕ್ಕದ ಮನೆಯವರು ಪಂದ್ಯ ಕಟ್ಟುವ ಮಟ್ಟಕ್ಕೆ ವಾದಿಸುತ್ತಿದ್ದಾರೆ. ಇನ್ನೊಂದು ವಿಚಿತ್ರವೂ ನಡೆದಿದೆ: ಮೂರೂ ಗಿರಿರಾಜ ಹೇಂಟೆಗಳ ಕಂದು ತತ್ತಿಗಳು ಹದಿನೈದು ದಿನಗಳಿಂದ ಬೆಳ್ಳಗಾಗಿವೆ. ಇದು ಹುಂಜದ ಪ್ರಭಾವವೇ?

ಉತ್ತರ 1: ಹಳೆಯ ಕೋಳಿಗಾರ, ರಾಯಚೂರು

ಪಂದ್ಯವನ್ನು ಧೈರ್ಯವಾಗಿ ಕಟ್ಟಿರಿ, ನೀವೇ ಗೆಲ್ಲುತ್ತೀರಿ. ಹೇಂಟೆಯ ತತ್ತಿಯ ಚಿಪ್ಪಿನ ಬಣ್ಣ ಆ ಹೇಂಟೆಯ ಸ್ವಂತ ಗುಣ. ಅದನ್ನು ಯಾವ ಹುಂಜ ಮೆಟ್ಟಿದರೂ, ಹುಂಜವೇ ಇಲ್ಲದಿದ್ದರೂ ಬಣ್ಣ ಬದಲಾಗದು. ತತ್ತಿ ತಯಾರಾಗಲು ಬೇಕಾಗುವ ಸುಮಾರು ಇಪ್ಪತ್ತೈದು ಗಂಟೆಗಳಲ್ಲಿ ಹೆಚ್ಚಿನ ಪಾಲು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ, ಬಣ್ಣವನ್ನು ಸೇರಿಸುವುದೂ ಹೇಂಟೆಯ ಅದೇ ಗರ್ಭಕೋಶದ ಭಾಗ. ಹುಂಜದ ಪಾಲು ಆ ತತ್ತಿಯೊಳಗಿನ ಮರಿಗೆ ಸೇರುತ್ತದೆ. ಆ ಮರಿ ಹೇಂಟೆಯಾಗಿ ಬೆಳೆದು ತತ್ತಿಯಿಟ್ಟಾಗ ಮಾತ್ರ ಅಪ್ಪ ಏನು ಕೊಟ್ಟಿದ್ದಾನೆ ಎಂಬುದು ಕಣ್ಣಿಗೆ ಬೀಳುತ್ತದೆ. ಬಣ್ಣದ ತತ್ತಿಯ ವಿಷಯದಲ್ಲಿ ಎಲ್ಲರೂ ಎಡವುವುದು ಇಲ್ಲಿಯೇ, ಏಕೆಂದರೆ ಹಿಂಡಿನ ಅರ್ಧ ಗುಣವನ್ನು ಹೊತ್ತಿರುವ ಪ್ರಾಣಿ ಒಂದು ತತ್ತಿಯನ್ನೂ ಇಡುವುದಿಲ್ಲ.

ಕೋಳಿಯ ಚಿಪ್ಪಿಗೆ ಬಣ್ಣ ಕೊಡುವ ದ್ರವ್ಯಗಳು ಮುಖ್ಯವಾಗಿ ಎರಡೇ. ಕಂದು ಬಣ್ಣದ್ದು ಪ್ರೋಟೊಪಾರ್ಫಿರಿನ್. ಇದು ಚಿಪ್ಪು ಕಟ್ಟುವ ಕೊನೆಯ ಗಂಟೆಗಳಲ್ಲಿ ಹೆಚ್ಚಾಗಿ ಮೇಲ್ಮೈಯಲ್ಲಿ ಕೂರುತ್ತದೆ, ಆದ್ದರಿಂದ ಕಂದು ತತ್ತಿಯನ್ನು ಒಡೆದರೆ ಚಿಪ್ಪಿನ ಒಳಬದಿ ಬಿಳಿಯಾಗಿಯೇ ಇರುತ್ತದೆ. ನೀಲಿಯದು ಬಿಲಿವರ್ಡಿನ್, ಅದು ಚಿಪ್ಪಿನ ಆಳದವರೆಗೂ ಬೆರೆಯುತ್ತದೆ, ಒಳಬದಿಯೂ ನೀಲಿಯೇ. ಹಸಿರು ತತ್ತಿ ಎಂದರೆ ನೀಲಿ ಚಿಪ್ಪಿನ ಮೇಲೆ ಕಂದು ಲೇಪ, ಅಷ್ಟೇ. ನಿಮ್ಮ ಹಸಿರು ತತ್ತಿಯೊಂದನ್ನು ಒಡೆದು ಒಳಪೊರೆಯನ್ನು ಸುಲಿದು ನೋಡಿರಿ, ಒಳಗೆ ತಿಳಿನೀಲಿ ಕಾಣುತ್ತದೆ.

ಕಂದು ಬಣ್ಣ ಅನೇಕ ವಂಶವಾಹಿಗಳ ಕೂಡುಫಲವಾದ್ದರಿಂದ ಅದರ ಲೆಕ್ಕ ಹಾಕುವುದು ಕಷ್ಟ. ನೀಲಿಯದು ಸುಲಭ, ಒಂದೇ ವಂಶವಾಹಿ, ಅದೂ ಪ್ರಬಲವಾದದ್ದು, ಅಂದರೆ ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು, ಬಣ್ಣ ಕಾಣುತ್ತದೆ. ಅದು ಪ್ರಬಲ ಗುಣವೆಂಬುದನ್ನು ಬ್ರಿಟನ್ನಿನ ತಳಿವಿಜ್ಞಾನಿ ಪುನ್ನೆಟ್ 1933ರಲ್ಲಿಯೇ ಪ್ರಕಟಿಸಿದ್ದರು. ಹಿಂದೆಂದೋ ಕೋಳಿಯ ಒಂದನೆಯ ವರ್ಣತಂತುವಿನಲ್ಲಿ ಒಂದು ವೈರಸ್ಸಿನ ತುಣುಕು ಹೊಕ್ಕು ಅಲ್ಲಿಯೇ ನೆಲೆಸಿದ್ದರಿಂದ ಈ ಬಣ್ಣ ಹುಟ್ಟಿತು ಎಂಬುದು 2013ರಲ್ಲಿ ತಿಳಿದುಬಂತು. ಚಿಲಿ ದೇಶದ ಅರೌಕಾನಾ ಕೋಳಿಯಲ್ಲಿಯೂ ಚೀನಾದ ದೋಂಗ್‌ಶಿಯಾಂಗ್ ಕೋಳಿಯಲ್ಲಿಯೂ ಇದು ಬೇರೆ ಬೇರೆಯಾಗಿಯೇ ನಡೆದಿದೆ. ನಿಮಗೆ ತಳಿ ಮಾರಿದವರ ‘ಅಮೆರಿಕಾನಾ’ ಎಂಬುದು ಅರೌಕಾನಾ ಮೂಲದ ನೀಲಿ ಗುಣವನ್ನು ಅಮೆರಿಕದಲ್ಲಿ ಬಾಲ ಮತ್ತು ಗಡ್ಡವಿರುವ ಕೋಳಿಗಳಲ್ಲಿ ನೆಲೆಗೊಳಿಸಿ ಮಾಡಿದ ತಳಿ. ಶುದ್ಧ ಅಮೆರಿಕಾನಾ ತಿಳಿನೀಲಿಯನ್ನಷ್ಟೇ ಇಡಬೇಕು. ಹನ್ನೆರಡರಲ್ಲಿ ಐದು ಹಸಿರಿದ್ದವು ಎಂದರೆ ಆ ಹಿಂಡೇ ಮಿಶ್ರವಾಗಿತ್ತು ಎಂದರ್ಥ.

ಪ್ರಬಲ ಗುಣ ಎಂಬುದರ ಇನ್ನೊಂದು ಮುಖವನ್ನು ನೋಡಿರಿ. ಹುಂಜಕ್ಕೆ ತಂದೆ ತಾಯಿ ಇಬ್ಬರಿಂದಲೂ ನೀಲಿ ಬಂದಿದ್ದರೆ ಅದು ಜೋಡಿ ನೀಲಿ; ಅದರ ಎಲ್ಲ ಹೆಣ್ಣುಮರಿಗಳೂ, ತಾಯಿ ಯಾವುದೇ ಆಗಿರಲಿ, ನೀಲಿ ಅಥವಾ ಹಸಿರು ತತ್ತಿಯನ್ನೇ ಇಡುತ್ತವೆ. ಒಬ್ಬರಿಂದ ಮಾತ್ರ ಬಂದಿದ್ದರೆ ಅದು ಒಂಟಿ ನೀಲಿ. ಅದರ ಹೆಣ್ಣುಮರಿಗಳಲ್ಲಿ ಸರಾಸರಿ ಅರ್ಧಕ್ಕೆ ಮಾತ್ರ ಬಣ್ಣ ದಾಟುತ್ತದೆ. ನೀಲಿ ತತ್ತಿಯಿಂದ ಹುಟ್ಟಿದ್ದು ಎಂಬ ಮಾತ್ರಕ್ಕೆ ಬೂದು ಹುಂಜ ಜೋಡಿ ನೀಲಿ ಎನ್ನಲಾಗದು. ಆ ಚಿಪ್ಪು ಅದರ ತಾಯಿಯ ಬಗ್ಗೆ ಮಾತ್ರ ಸಾಕ್ಷಿ ಹೇಳುತ್ತದೆ, ಹುಂಜದ ಬಗ್ಗೆ ಅಲ್ಲ.

ಇನ್ನು ಜುಟ್ಟಿನ ಮಾತು. ನಿಮಗೆ ಹೇಳಿದವರು ಪೂರ್ತಿ ತಪ್ಪು ಹೇಳಿಲ್ಲ. ಗುಳ್ಳೆ ಜುಟ್ಟಿನ ವಂಶವಾಹಿ, ಅಂದರೆ ಪುಸ್ತಕಗಳಲ್ಲಿ ಬಟಾಣಿ ಜುಟ್ಟು ಎನ್ನುವುದು, ಅದೇ ಒಂದನೆಯ ವರ್ಣತಂತುವಿನಲ್ಲಿ ನೀಲಿ ವಂಶವಾಹಿಯ ನೆರೆಮನೆಯಲ್ಲಿದೆ. ಅರೌಕಾನಾ ಮೂಲದ ಕೋಳಿಗಳಲ್ಲಿ ಎರಡೂ ಒಟ್ಟಿಗೇ ಮರಿಗೆ ದಾಟುತ್ತವೆ, ನೂರರಲ್ಲಿ ಐದಕ್ಕಿಂತ ಕಡಿಮೆ ಮರಿಗಳಲ್ಲಿ ಮಾತ್ರ ಅವು ಬೇರೆಯಾಗುತ್ತವೆ. ಅಮೆರಿಕ, ಯುರೋಪಿನವರಿಗೆ ಇದು ಒಳ್ಳೆಯ ಗುರುತು. ನಮ್ಮ ಸೀಮೆಯಲ್ಲಿ ಇದೇ ಗುರುತು ಮೋಸ ಮಾಡುತ್ತದೆ, ಏಕೆಂದರೆ ಅಸೀಲ್ ಕೋಳಿಗೂ ಬಟಾಣಿ ಜುಟ್ಟೇ ಇರುತ್ತದೆ, ನೀಲಿ ಗುಣ ಮಾತ್ರ ಇಲ್ಲ. ಸಿಂಧನೂರು, ಮಾನ್ವಿ, ಸಿರುಗುಪ್ಪ, ಗಂಗಾವತಿ ಎಲ್ಲಿಯೇ ನೋಡಿದರೂ ಜವಾರಿ ಹಿಂಡಿನಲ್ಲಿ ಎಷ್ಟೋ ತಲೆಮಾರಿನಿಂದ ಅಸೀಲ್ ಬೆರೆತಿರುತ್ತದೆ. ಆದ್ದರಿಂದ ನಿಮ್ಮ ಮೂರನೆಯ ಹುಂಜವನ್ನು ಈ ಲೆಕ್ಕದಿಂದ ಹೊರಗಿಡಿರಿ. ಹಾಗೆಯೇ ಒಂಟಿ ಜುಟ್ಟಿನ (ಗರಗಸದ ಹಲ್ಲಿನಂಥ ಸಾಮಾನ್ಯ ಜುಟ್ಟಿನ) ಕೆಂಪು ಹುಂಜದಲ್ಲಿ ನೀಲಿ ಇಲ್ಲವೆಂದೂ ಖಚಿತವಾಗಿ ಹೇಳಲಾಗದು. ಕ್ರೀಮ್ ಲೆಗ್‌ಬಾರ್ ಎಂಬ ಬ್ರಿಟಿಷ್ ತಳಿ ಒಂಟಿ ಜುಟ್ಟಿನದೇ ಆಗಿದ್ದು ನೀಲಿ ತತ್ತಿಯಿಡುತ್ತದೆ, ಮಾರಾಟಗಾರರ ಮಿಶ್ರ ಹಿಂಡಿನಲ್ಲಿ ಏನೇನಿತ್ತೋ ಯಾರು ಬಲ್ಲರು. ಕಿವಿಯ ಹಾಲೆ ಬೆಳ್ಳಗಿದ್ದರೆ ಬಿಳಿ ತತ್ತಿ, ಕೆಂಪಗಿದ್ದರೆ ಕಂದು ತತ್ತಿ ಎಂಬ ಮಾತನ್ನೂ ಮಿಶ್ರತಳಿಯಲ್ಲಿ ನಂಬಬೇಡಿರಿ.

ಗಿರಿರಾಜ ಹೇಂಟೆಗಳ ತತ್ತಿ ಬೆಳ್ಳಗಾದದ್ದಕ್ಕೂ ಹುಂಜಕ್ಕೂ ಸಂಬಂಧವಿಲ್ಲ. ಇತ್ತೀಚೆಗೆ ಬ್ರಾಯ್ಲರ್ ಫೀಡ್ ಏನಾದರೂ ಹಾಕುತ್ತಿದ್ದೀರಾ? ಕೆಲವು ಬ್ರಾಯ್ಲರ್ ಫೀಡುಗಳಲ್ಲಿ ರಕ್ತಭೇದಿಯನ್ನು ತಡೆಯಲು ನಿಕಾರ್ಬಜಿನ್ ಎಂಬ ಔಷಧಿಯನ್ನು ಬೆರೆಸಿರುತ್ತಾರೆ, ಅದು ಕಂದು ತತ್ತಿಯ ಬಣ್ಣವನ್ನು ಒಂದೆರಡು ದಿನಗಳಲ್ಲಿಯೇ ಅಳಿಸಿಹಾಕುತ್ತದೆ, ಮರಿಯಾಗುವ ಪ್ರಮಾಣವನ್ನೂ ಇಳಿಸುತ್ತದೆ. ನಿಲ್ಲಿಸಿದರೆ ಬಣ್ಣ ಮರಳುತ್ತದೆ. ಕೋಳಿಗಳು ಮಂಕಾಗಿದ್ದರೆ, ಚಿಪ್ಪು ತೆಳುವಾಗಿ ಅಥವಾ ಸುಕ್ಕುಸುಕ್ಕಾಗಿ ಬರುತ್ತಿದ್ದರೆ ಮಾತ್ರ ರೋಗವನ್ನು ಶಂಕಿಸಿ ಪಶುವೈದ್ಯರಿಗೆ ತೋರಿಸಿರಿ.

ಉತ್ತರ ಪೂರ್ತಿಯಾಗಬೇಕಾದರೆ ನೀವೇ ಒಂದು ವಿಷಯ ತಿಳಿಸಬೇಕು. ಗಡ್ಡವೂ ಪ್ರಬಲ ಗುಣ, ಒಂದು ಪಾಲು ಬಂದರೂ ಮುಖದ ಮೇಲೆ ಕಾಣುತ್ತದೆ. ನಿಮ್ಮ ಹನ್ನೊಂದು ಎಳೆ ಹೇಂಟೆಗಳಲ್ಲಿ ಗಡ್ಡವಿರುವುವು ಎಷ್ಟು? ಅವುಗಳಲ್ಲಿ ಪ್ರತಿಯೊಂದರ ಜುಟ್ಟು ಯಾವುದು, ತತ್ತಿ ಯಾವ ಬಣ್ಣದ್ದು? ಹಳೆಯ ಹೇಂಟೆಗಳಲ್ಲಿ ಯಾವುದಕ್ಕಾದರೂ ಗಡ್ಡವಿತ್ತೇ?

ಉತ್ತರ 2: ಹಿತ್ತಲ ಬಾಗಿಲು, ಕಂಪ್ಲಿ (ಬಳ್ಳಾರಿ ಜಿಲ್ಲೆ)

ಮೇಲಿನವರು ಹೇಳಿದ ವಂಶದ ಲೆಕ್ಕ ನನಗೆ ಅಷ್ಟಾಗಿ ತಿಳಿಯದು, ಆದರೆ ಮರಿ ಮಾಡಿಸುವ ಕೆಲಸದಲ್ಲಿ ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ. ಹುಂಜವನ್ನು ಬದಲಿಸಿದ ಮರುದಿನದಿಂದಲೇ ತತ್ತಿ ಕೂಡಿಡಲು ಹೋಗಬೇಡಿರಿ. ಹೇಂಟೆಯ ದೇಹದಲ್ಲಿ ಹಳೆಯ ಹುಂಜದ ವೀರ್ಯ ಎರಡರಿಂದ ಮೂರು ವಾರ ಉಳಿದಿರುತ್ತದೆ. ನಾನು ಹತ್ತೇ ದಿನ ಕಾದು, ಹೊಸ ಹುಂಜದ ಮರಿಗಳೆಂದು ನಂಬಿ ಆರು ತಿಂಗಳು ಸಾಕಿ, ಕೊನೆಗೆ ಅವು ಹಳೆಯ ಹುಂಜದವೆಂದು ತಿಳಿದಾಗ ಒಂದು ವರ್ಷವೇ ಕೈಬಿಟ್ಟಿತ್ತು. ನಾಲ್ಕು ವಾರ ಕಾಯುವುದು ಲೇಸು. ಆ ನಾಲ್ಕು ವಾರದ ತತ್ತಿಗಳನ್ನು ಮಾರಿರಿ ಅಥವಾ ತಿನ್ನಿರಿ.

ಎರಡನೆಯದು ಕಾಲದ ಮಾತು. ಶಿವರಾತ್ರಿ ಕಳೆದ ಮೇಲೆ ನಮ್ಮ ಬಳ್ಳಾರಿ, ರಾಯಚೂರಿನ ಬಿಸಿಲಿನಲ್ಲಿ ಕಾವಿನ ತತ್ತಿಯನ್ನು ಕೂಡಿಡುವುದೇ ನಷ್ಟದ ಕೆಲಸ. ತತ್ತಿಯೊಳಗಿನ ಜೀವ ಇಪ್ಪತ್ತೊಂದು ಡಿಗ್ರಿಗಿಂತ ಕೆಳಗೆ ಮಾತ್ರ ನಿದ್ದೆಯಲ್ಲಿರುತ್ತದೆ. ನಮ್ಮ ಮನೆಯ ನೆರಳಿನಲ್ಲಿಯೇ ಮೂವತ್ತೆಂಟು ಇರುವಾಗ ಅದು ಹೇಂಟೆಯ ಕೆಳಗೆ ಹೋಗುವ ಮೊದಲೇ ಅರೆಬರೆಯಾಗಿ ಬೆಳೆಯಲಾರಂಭಿಸಿ ಸಾಯುತ್ತದೆ. ಒಡೆದು ನೋಡಿದರೆ ಒಳಗೆ ರಕ್ತದ ಉಂಗುರ ಕಾಣುತ್ತದೆ. ಜನ ಅದನ್ನು ಹುಂಜದ ದೋಷವೆನ್ನುತ್ತಾರೆ. ಹುಂಜಕ್ಕೂ ಬಿಸಿಲಿನಲ್ಲಿ ಫಲವಂತಿಕೆ ಇಳಿಯುವುದು ನಿಜವೇ. ನಾನು ಒದ್ದೆ ಮರಳಿನ ಮೇಲೆ ಮಣ್ಣಿನ ಗಡಿಗೆ ಇಟ್ಟು, ಅದರಲ್ಲಿ ತೌಡು ಹಾಸಿ, ತತ್ತಿಯ ಅಗಲ ತುದಿ ಮೇಲಿರುವಂತೆ ಜೋಡಿಸಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟುತ್ತೇನೆ. ಚಳಿಗಾಲದಲ್ಲಿ ಒಂದು ವಾರದ ತತ್ತಿಯಾದರೂ ಚೆನ್ನಾಗಿ ಮರಿಯಾಗುತ್ತದೆ, ಬೇಸಿಗೆಯಲ್ಲಿ ಮೂರು ದಿನ ಮೀರಿದ್ದನ್ನು ನಾನು ಇಡುವುದಿಲ್ಲ. ಬಣ್ಣದ ತತ್ತಿಯನ್ನು ತೊಳೆಯಬೇಡಿರಿ, ಮೇಲಿನ ರಕ್ಷಣೆಯ ಪೊರೆ ಹೋಗುತ್ತದೆ.

ಮರಿಗಳ ಗುರುತಿಗೆ ಒಂದು ಉಪಾಯವಿದೆ. ಇನ್‌ಕ್ಯುಬೇಟರಿನಲ್ಲಿ ಇಟ್ಟರೆ ಹದಿನೆಂಟನೆಯ ದಿನ ಒಂದೊಂದು ಹೇಂಟೆಯ ತತ್ತಿಗಳನ್ನು ಒಂದೊಂದು ಈರುಳ್ಳಿ ಜಾಳಿಗೆ ಚೀಲದಲ್ಲಿ ಹಾಕಿಬಿಡಿರಿ. ಇಪ್ಪತ್ತೊಂದನೆಯ ದಿನ ಯಾವ ಮರಿ ಯಾರದೆಂಬ ಗೊಂದಲವೇ ಇರದು. ನಂತರ ಕಾಲಿಗೆ ಬಣ್ಣದ ದಾರ ಕಟ್ಟಿ, ಕಾಲು ದಪ್ಪವಾದಂತೆ ವಾರಕ್ಕೊಮ್ಮೆ ಸಡಿಲಿಸಬೇಕು. ಮರೆತರೆ ದಾರ ಮಾಂಸವನ್ನೇ ಕೊರೆಯುತ್ತದೆ.

ಪ್ರಶ್ನೆ ಕೇಳಿದವರ ಮಾತು: ಎಡದಂಡೆಯ ರೈತ, ಕಾರಟಗಿ

ಇಬ್ಬರಿಗೂ ವಂದನೆಗಳು. ಬ್ರಾಯ್ಲರ್ ಫೀಡ್ ಹಾಕಿದ್ದು ನಿಜ. ಸಂಬಂಧಿಕರ ಕೋಳಿ ಶೆಡ್ಡಿನಲ್ಲಿ ಉಳಿದಿದ್ದ ಎರಡು ಚೀಲ ತಂದು ಗಿರಿರಾಜಗಳಿಗೆಂದೇ ಬೇರೆಯಾಗಿ ಹಾಕುತ್ತಿದ್ದೆ. ಮೊನ್ನೆಯಿಂದ ನಿಲ್ಲಿಸಿ ನುಚ್ಚು, ತೌಡು, ಮೆಕ್ಕೆಜೋಳಕ್ಕೆ ಮರಳಿದ್ದೇನೆ. ಇಂದಿನ ತತ್ತಿಯಲ್ಲಿ ಸ್ವಲ್ಪ ಕಂದು ಕಾಣಿಸಿದೆ.

ಸಂಜೆ ಕೋಳಿಗಳು ಗೂಡಿಗೆ ಬಂದಾಗ ಒಂದೊಂದನ್ನೂ ಹಿಡಿದು ನೋಡಿದೆ. ಹನ್ನೊಂದರಲ್ಲಿ ನಾಲ್ಕಕ್ಕೆ ಗಡ್ಡವಿದೆ. ಹಸಿರು ತತ್ತಿಯ ಎರಡೂ ಗಡ್ಡದವೇ, ಎರಡಕ್ಕೂ ಗುಳ್ಳೆ ಜುಟ್ಟು. ಉಳಿದ ಎರಡು ಗಡ್ಡದವು ಕೆನೆಬಣ್ಣದ ತತ್ತಿಯನ್ನೇ ಇಡುತ್ತವೆ. ಅವುಗಳಲ್ಲಿ ಒಂದಕ್ಕೆ ಒಂಟಿ ಜುಟ್ಟು, ಇನ್ನೊಂದಕ್ಕೆ ಗುಳ್ಳೆ ಜುಟ್ಟು. ಆ ಗುಳ್ಳೆ ಜುಟ್ಟಿನದು ನಮ್ಮ ಅಸೀಲ್ ಮಿಶ್ರ ಹೇಂಟೆಯೇ ಕೂತು ಮಾಡಿದ ಮರಿ ಎಂದು ತಾಯಿ ಖಚಿತವಾಗಿ ಹೇಳುತ್ತಾರೆ, ಅದರ ಕಾಲಿನ ಉದ್ದವೂ ಹಾಗೆಯೇ ಇದೆ. ಹಳೆಯ ಹೇಂಟೆಗಳಲ್ಲಿ ಯಾವುದಕ್ಕೂ ಗಡ್ಡವಿರಲಿಲ್ಲ. ಗಡ್ಡವಿಲ್ಲದ ಏಳರಲ್ಲಿ ಒಂದೂ ಹಸಿರು ಇಡುವುದಿಲ್ಲ.

ಚಿತ್ರಗಳಲ್ಲಿ ಕಂಡ, ಹಣ್ಣಾಗದ ಆಲಿವ್ ಕಾಯಿಯಂಥ ಗಾಢ ಹಸಿರನ್ನು ಕಡಕ್‌ನಾಥ್ ಹುಂಜ ಬೆರೆಸಿ ಪಡೆಯಬಹುದೇ?

ಉತ್ತರ 3: ಹಳೆಯ ಕೋಳಿಗಾರ, ರಾಯಚೂರು

ನೀವು ಹಿಡಿದು ನೋಡಿದ್ದರಿಂದ ಒಂದು ವರ್ಷದ ಪರೀಕ್ಷೆ ಒಂದೇ ಸಂಜೆಯಲ್ಲಿ ಮುಗಿಯಿತು. ಹಳೆಯ ಹೇಂಟೆಗಳಿಗೆ ಗಡ್ಡವಿರಲಿಲ್ಲವಾದ್ದರಿಂದ ಗಡ್ಡದ ನಾಲ್ಕೂ ಬೂದು ಹುಂಜದ ಮಕ್ಕಳು. ಅವುಗಳಲ್ಲಿ ಎರಡು ಹಸಿರು ಇಡುತ್ತಿರುವುದರಿಂದ ಬೂದು ಹುಂಜದಲ್ಲಿ ನೀಲಿ ಗುಣ ಇರುವುದು ನಿಶ್ಚಯ. ಎರಡು ಕೆನೆಬಣ್ಣ ಇಡುತ್ತಿರುವುದರಿಂದ ಅದು ಜೋಡಿ ನೀಲಿ ಅಲ್ಲವೆಂಬುದೂ ಅಷ್ಟೇ ನಿಶ್ಚಯ; ಜೋಡಿಯಾಗಿದ್ದರೆ ಒಂದು ಮಗಳೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಉಳಿದ ಏಳರ ತಂದೆ ಯಾರೆಂದು ಹೇಳಲಾಗದು, ಕೆಂಪು ಹುಂಜದ ತೀರ್ಪು ಆದ್ದರಿಂದ ಬಾಕಿಯೇ ಉಳಿಯುತ್ತದೆ.

ಜುಟ್ಟಿನ ಸಾಕ್ಷಿಯೂ ಉಪಯೋಗಕ್ಕೆ ಬರುತ್ತದೆ. ಒಂಟಿ ಜುಟ್ಟಿನ ಗಡ್ಡದ ಮಗಳಿಗೆ ತಂದೆಯಿಂದ ಒಂಟಿ ಜುಟ್ಟಿನ ಪಾಲೂ ನೀಲಿಯಿಲ್ಲದ ಪಾಲೂ ಒಟ್ಟಿಗೇ ಬಂದಿವೆ, ಹಸಿರಿನ ಎರಡಕ್ಕೂ ಬಟಾಣಿ ಜುಟ್ಟಿದೆ. ಅಂದರೆ ಬೂದು ಹುಂಜದ ಒಂದು ವರ್ಣತಂತುವಿನಲ್ಲಿ ನೀಲಿ ಮತ್ತು ಬಟಾಣಿ ಜುಟ್ಟು ಜೊತೆಯಾಗಿವೆ, ಇನ್ನೊಂದರಲ್ಲಿ ಎರಡೂ ಇಲ್ಲ. ಬಟಾಣಿ ಜುಟ್ಟಿದ್ದೂ ಕೆನೆಬಣ್ಣ ಇಡುವ ನಾಲ್ಕನೆಯದು ಜುಟ್ಟನ್ನು ಅಸೀಲ್ ತಾಯಿಯಿಂದ ಪಡೆದಿದೆ. ನಾನು ಮೊದಲು ಹೇಳಿದ ಮೋಸ ಇದೇ.

ಹೀಗಾಗಿ ಪರಿಹಾರ ತಾಯಂದಿರ ಆಯ್ಕೆಯಲ್ಲಿದೆ. ಬೂದು ಹುಂಜದ ಜೊತೆಗೆ ಒಂಟಿ ಜುಟ್ಟಿನ ಹೇಂಟೆಗಳನ್ನು ಮಾತ್ರ, ಆರರಿಂದ ಎಂಟನ್ನು, ಬೇರೆ ಆವರಣದಲ್ಲಿ ಬಿಡಿರಿ. ಅಸೀಲ್ ರಕ್ತದ ಒಂದು ಹೇಂಟೆಯೂ ಅಲ್ಲಿರಕೂಡದು. ಆಗ ಮರಿಗೆ ಬಟಾಣಿ ಜುಟ್ಟು ಬರಬೇಕಾದರೆ ತಂದೆಯಿಂದಲೇ ಬರಬೇಕು, ಅದರ ಜೊತೆಯಲ್ಲಿ ನೀಲಿಯೂ ಬಹುತೇಕ ಬಂದೇ ಬರುತ್ತದೆ. ಮೊಟ್ಟೆಯೊಡೆದ ಮರಿಯ ತಲೆಯನ್ನು ಬೆಳಕಿನಲ್ಲಿ ನೋಡಿದರೆ ಒಂಟಿ ಜುಟ್ಟಿನದಕ್ಕೆ ನಡುವೆ ಒಂದೇ ಗೆರೆ, ಬಟಾಣಿ ಜುಟ್ಟಿನದಕ್ಕೆ ಅಗಲವಾದ ಚಪ್ಪಟೆ ಗುರುತು; ಎರಡು ಮೂರು ವಾರಗಳಲ್ಲಿ ಅನುಮಾನವೇ ಉಳಿಯದು. ತತ್ತಿಯಿಡದ ಹುಂಜಮರಿಗಳಲ್ಲಿಯೂ ನೀಲಿ ಗುಣವನ್ನು ಹೀಗೆ ಕಣ್ಣಿನಿಂದಲೇ ಆರಿಸಬಹುದು ಎಂಬುದೇ ಇದರ ದೊಡ್ಡ ಲಾಭ. ಮೂವತ್ತು ತತ್ತಿ ಇಟ್ಟು ಇಪ್ಪತ್ತು ಮರಿಯಾದರೆ ಹತ್ತರಷ್ಟು ಬಟಾಣಿ ಜುಟ್ಟಿನವು, ಅವುಗಳಲ್ಲಿ ಐದರಷ್ಟು ಹೇಂಟೆಗಳು. ನನ್ನ ಊಹೆ ನಾಲ್ಕೇ ಮಕ್ಕಳ ಮೇಲೆ ನಿಂತಿದೆ, ಆದ್ದರಿಂದ ಮೊದಲ ವರ್ಷ ಒಂಟಿ ಜುಟ್ಟಿನ ಎರಡು ಮೂರು ಹೇಂಟೆಮರಿಗಳನ್ನೂ ಉಳಿಸಿಕೊಂಡು ಅವು ಯಾವ ತತ್ತಿಯಿಡುತ್ತವೆ ಎಂದು ನೋಡಿರಿ.

ಜೋಡಿ ನೀಲಿ ಹುಂಜ ಬೇಕೆಂದರೆ ಅದರ ಮುಂದಿನ ತಲೆಮಾರಿನಲ್ಲಿ ಒಂಟಿ ನೀಲಿಯ ಹುಂಜವನ್ನು ಹಸಿರು ಇಡುವ ಹೇಂಟೆಗೆ ಕೂಡಿಸಬೇಕು. ನಾಲ್ಕರಲ್ಲಿ ಒಂದು ಮರಿ ಜೋಡಿಯಾಗುತ್ತದೆ. ಯಾವುದು ಜೋಡಿ ಎಂಬುದನ್ನು ಮಾತ್ರ ಮುಖ ನೋಡಿ ಹೇಳಲಾಗದು. ಬಿಳಿ ಅಥವಾ ಕೆನೆ ತತ್ತಿಯ ಹೇಂಟೆಗಳಲ್ಲಿ ಅದರ ಹೆಣ್ಣುಮಕ್ಕಳನ್ನು ಪಡೆದು ನೋಡಬೇಕು. ಬಣ್ಣವಿಲ್ಲದ ತತ್ತಿಯಿಡುವ ಒಬ್ಬ ಮಗಳು ಸಿಕ್ಕರೂ ಅದು ಜೋಡಿಯಲ್ಲ. ಐವರೂ ಬಣ್ಣದ ತತ್ತಿ ಇಟ್ಟರೆ, ಒಂಟಿ ನೀಲಿಯ ಹುಂಜವೊಂದು ಅದೃಷ್ಟದಿಂದ ಹಾಗೆ ತೋರಿಸಿಕೊಳ್ಳುವ ಸಾಧ್ಯತೆ ಮೂವತ್ತೆರಡರಲ್ಲಿ ಒಂದು ಮಾತ್ರ. ಗರಿಯಿಂದ ಡಿಎನ್ಎ ಪರೀಕ್ಷೆ ಮಾಡುವ ವಿಧಾನವೂ ಇದೆ, ಆದರೆ ಹಿತ್ತಲಿನ ಕೋಳಿಗೆ ಮಗಳ ತತ್ತಿಯೇ ಅಗ್ಗದ ಪರೀಕ್ಷೆ.

ಕಡಕ್‌ನಾಥದ ಚರ್ಮ, ಮಾಂಸ, ಮೂಳೆಯ ಪೊರೆ ಕಪ್ಪೇ ಹೊರತು ತತ್ತಿಯಲ್ಲ. ಅದರ ತತ್ತಿ ಕೆನೆ ಅಥವಾ ನಸುಗಂದು. ಗಾಢ ಆಲಿವ್ ಬಣ್ಣಕ್ಕೆ ಗಾಢ ಕಂದು ಬೇಕು. ಅದು ಫ್ರಾನ್ಸಿನ ಮಾರಾನ್ಸ್, ನೆದರ್‌ಲ್ಯಾಂಡ್ಸಿನ ವೆಲ್ಸಮರ್‌ಗಳಂಥ ತಳಿಗಳ ಗುಣ. ನಿಮ್ಮಲ್ಲಿರುವುದರಲ್ಲಿ ಗಿರಿರಾಜವೇ ಎಲ್ಲಕ್ಕಿಂತ ಹೆಚ್ಚು ಕಂದು. ಅದರಿಂದ ಜವಾರಿಗಿಂತ ಒಂದು ಛಾಯೆ ಗಟ್ಟಿಯಾದ ಹಸಿರು ಬರುತ್ತದೆ, ಬಿಳಿ ಲೆಗ್‌ಹಾರ್ನ್‌ನಿಂದ ಹೆಚ್ಚುಕಡಿಮೆ ನೀಲಿಯೇ ಬರುತ್ತದೆ. ಮೂರು ಬಗೆಯ ತಾಯಂದಿರಿಂದ ಒಂದೇ ಹುಂಜ ಮೂರು ಬಣ್ಣ ಕೊಡುತ್ತದೆ ಎಂದರೆ ಅದೇನು ಕಡಿಮೆಯೇ?

ಉತ್ತರ 4: ಕರಿಹೊಲ, ಲಿಂಗಸುಗೂರು (ರಾಯಚೂರು ಜಿಲ್ಲೆ)

ನಾನು ಸ್ವಲ್ಪ ಭಿನ್ನವಾಗಿ ಹೇಳಬೇಕಾಗಿದೆ. ಬಣ್ಣದ ಲೆಕ್ಕವೆಲ್ಲ ಸರಿಯಾಗಿದೆ, ಆದರೆ ಒಂಟಿ ನೀಲಿಯ ತಂದೆಗೆ ಅದರದೇ ಹಸಿರು ಮಗಳನ್ನು ಕೂಡಿಸಿ ಬೇಗ ಜೋಡಿ ನೀಲಿ ಮಾಡಿಬಿಡೋಣ ಎಂಬ ಆಸೆ ಈ ಹಂತದಲ್ಲಿ ಎಲ್ಲರಿಗೂ ಬರುತ್ತದೆ, ಅದನ್ನು ತಡೆದುಕೊಳ್ಳಿರಿ. ತಂದೆ ಮಗಳ ಕೂಟದಲ್ಲಿ ಒಳತಳಿಯ ಅಂಶ (ರಕ್ತಸಂಬಂಧದೊಳಗೇ ಕೂಡಿಸಿದ್ದರ ಅಳತೆ) ಶೇಕಡಾ 25, ಮಲಸೋದರರ ಕೂಟದಲ್ಲಿ ಅದು ಶೇಕಡಾ 12.5. ಮೊದಲು ಪೆಟ್ಟು ಬೀಳುವುದು ಮರಿಯಾಗುವ ಪ್ರಮಾಣಕ್ಕೆ, ಮರಿಗಳ ಕಸುವಿಗೆ. ಬೇರೆ ಬೇರೆ ತಾಯಂದಿರ ಮಕ್ಕಳನ್ನು ಕೂಡಿಸುವಷ್ಟಾದರೂ ತಾಳ್ಮೆ ಇರಲಿ.

ಬಿಳಿ ಲೆಗ್‌ಹಾರ್ನ್ ಬೆರೆಸಿ ನೀಲಿ ಪಡೆಯಬಹುದೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ನೀಲಿ ಬರುವುದು ನಿಜ. ಆದರೆ ಲೆಗ್‌ಹಾರ್ನ್ ಕಾವಿಗೆ ಕೂರುವ ಗುಣವನ್ನೇ ಕಳೆದುಕೊಂಡ ತಳಿ. ಜವಾರಿ ಹೇಂಟೆ ತಾನೇ ಕೂತು, ಮರಿ ಮಾಡಿ, ಹದ್ದು ಬಂದರೆ ರೆಕ್ಕೆಯಡಿ ಎಳೆದುಕೊಂಡು ಸಾಕುತ್ತದೆ. ಎರಡು ತಲೆಮಾರು ಲೆಗ್‌ಹಾರ್ನ್ ಬೆರೆಸಿದರೆ ನಿಮಗೆ ಬಣ್ಣದ ತತ್ತಿಯೂ ಇರುತ್ತದೆ, ಅದಕ್ಕೆ ಕಾವು ಕೊಡಲು ಕರೆಂಟನ್ನು ಕಾಯುವ ಕೆಲಸವೂ ಇರುತ್ತದೆ. ಹಿತ್ತಲಿನ ಹಿಂಡಿಗೆ ಜವಾರಿ ತಾಯಿಯೇ ಆಧಾರವಾಗಿರಲಿ, ತತ್ತಿ ತುಸು ಹಸಿರಾಗಿ ಬಂದರೆ ಬರಲಿ.

ಆನ್‌ಲೈನಿನಲ್ಲಿ ಮತ್ತೆ ತತ್ತಿಯನ್ನೋ ಕೋಳಿಯನ್ನೋ ತರಿಸುವ ವಿಚಾರವಿದ್ದರೆ, ಬಂದ ಕೋಳಿಯನ್ನು ಕನಿಷ್ಠ ಮೂರು ವಾರ ಹಿಂಡಿನಿಂದ ದೂರವಿಡಿರಿ. 2025ರ ಆರಂಭದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಹಕ್ಕಿಜ್ವರ ದೃಢಪಟ್ಟಿದ್ದು ಎಲ್ಲರಿಗೂ ನೆನಪಿರಬೇಕು. ಆರಿಸಿದ ಮರಿಗಳಿಗೆ ಕೊಕ್ಕರೆ ರೋಗದ (ರಾಣಿಖೇತ್ ರೋಗದ) ಲಸಿಕೆಯನ್ನು ಮೊದಲ ವಾರದಲ್ಲಿ ಹಾಕಿಸಿ, ಎಂಟು ವಾರದ ಹೊತ್ತಿಗೆ ರೆಕ್ಕೆಯ ಚರ್ಮದಡಿಯ ಚುಚ್ಚುಮದ್ದನ್ನೂ ತಪ್ಪಿಸಬೇಡಿರಿ. ಎರಡು ವರ್ಷ ಬರೆದಿಟ್ಟ ಲೆಕ್ಕ ಒಂದೇ ವಾರದಲ್ಲಿ ಖಾಲಿಯಾದದ್ದನ್ನು ನಾನು ಕಂಡವನು.

ಮಾರಾಟದ ಮಾತು ಯಾರೂ ಎತ್ತಿಲ್ಲ. ಹಸಿರು ತತ್ತಿಯಲ್ಲಿ ಹೆಚ್ಚಿನ ಸತ್ವವಿದೆಯೆಂದು ಹೇಳಿ ಮಾರಬೇಡಿರಿ. ಚಿಪ್ಪಿನ ಬಣ್ಣಕ್ಕೂ ಒಳಗಿನ ಸತ್ವಕ್ಕೂ ಸಂಬಂಧವಿಲ್ಲ. ಫಾರಂ ತತ್ತಿಯನ್ನು ಚಹಾದ ಕಷಾಯದಲ್ಲಿ ಅದ್ದಿ ಜವಾರಿ ಎಂದು ಮಾರುವವರಿರುವ ಸಂತೆಯಲ್ಲಿ ಹಸಿರು ತತ್ತಿಗೆ ಇರುವ ಒಂದು ಅನುಕೂಲವೆಂದರೆ, ಒಡೆದು ಒಳಬದಿಯ ಬಣ್ಣವನ್ನು ಗಿರಾಕಿಗೇ ತೋರಿಸಬಹುದು.

ಉತ್ತರ 5: ಹಳೆಯ ಕೋಳಿಗಾರ, ರಾಯಚೂರು

ಕಾವಿನ ಗುಣದ ಬಗ್ಗೆ ಲಿಂಗಸುಗೂರಿನವರು ಹೇಳಿದ್ದು ಸರಿ, ಆ ಮಾತನ್ನು ನಾನು ಮರೆತಿದ್ದೆ. ಆದರೂ ಆ ಎರಡು ಮುದಿ ಲೆಗ್‌ಹಾರ್ನ್‌ಗಳು ಇನ್ನೂ ತತ್ತಿಯಿಡುತ್ತಿದ್ದರೆ ಅವಕ್ಕೆ ಒಂದು ಕೆಲಸವಿದೆ. ಕೆಂಪು ಹುಂಜವನ್ನು ಅವುಗಳ ಜೊತೆ ಮಾತ್ರ ಬಿಟ್ಟು ನಾಲ್ಕೈದು ಹೆಣ್ಣುಮರಿ ಪಡೆದರೆ ಅದರ ತೀರ್ಪೂ ಆಗಿಬಿಡುತ್ತದೆ. ಬಿಳಿ ಚಿಪ್ಪಿನ ಮೇಲೆ ನೀಲಿ ಅಡಗಿಕೊಳ್ಳಲಾರದು. ಒಂಟಿ ಜುಟ್ಟಿನೊಂದಿಗೆ ನೀಲಿ ಇರುವ ಹುಂಜ ಅದಾಗಿದ್ದರೆ, ಬೂದು ಹುಂಜದ ಹೆಣ್ಣುಮಕ್ಕಳಿಗೆ ರಕ್ತಸಂಬಂಧ ಹೆಚ್ಚಿಲ್ಲದ ಜೋಡಿ ಮನೆಯಲ್ಲಿಯೇ ಸಿಕ್ಕಂತಾಗುತ್ತದೆ. ಅದೇ ಮಾರಾಟಗಾರರ ಹಿಂಡಿನಿಂದ ಬಂದದ್ದಾದ್ದರಿಂದ ಸಂಬಂಧವೇ ಇಲ್ಲವೆನ್ನಲಾರೆ, ಆದರೂ ಮಲಸೋದರರಿಗಿಂತ ದೂರವಿರಬಹುದು. ಅಸೀಲ್ ಹುಂಜವನ್ನು ಮಾತ್ರ ಈ ಎರಡೂ ಆವರಣದ ಬೇಲಿ ದಾಟದಂತೆ ನೋಡಿಕೊಳ್ಳಿರಿ, ಅದು ಹಾರಿ ಬಂದು ಮೊದಲು ಹುಂಜವನ್ನು ಹೊಡೆಯುತ್ತದೆ, ನಂತರ ನಿಮ್ಮ ಲೆಕ್ಕವನ್ನು ಕೆಡಿಸುತ್ತದೆ.

ಪ್ರಶ್ನೆ ಕೇಳಿದವರ ಮಾತು: ಎಡದಂಡೆಯ ರೈತ, ಕಾರಟಗಿ

ಹಿತ್ತಲಿನ ಮೂಲೆಯಲ್ಲಿ ಜಾಳಿಗೆ ಕಟ್ಟಿ, ಹೊರಗೆ ಬಳ್ಳಾರಿ ಜಾಲಿಯ ಮುಳ್ಳು ಒಟ್ಟಿದ್ದೇನೆ. ಒಂಟಿ ಜುಟ್ಟಿನ ಆರು ಜವಾರಿ ಹಾಗೂ ಎರಡು ಗಿರಿರಾಜ ಹೇಂಟೆಗಳ ಜೊತೆ ಬೂದು ಹುಂ​ಜ ಒಳಗಿದೆ. ಮೂರನೆಯ ಗಿರಿರಾಜಕ್ಕೆ ಅಸೀಲ್ ಹೇಂಟೆಗಳ ಸಹವಾಸವೇ ಇಷ್ಟವಾದ್ದರಿಂದ ಹೊರಗೇ ಬಿಟ್ಟೆ. ಲೆಗ್‌ಹಾರ್ನ್‌ಗಳಲ್ಲಿ ಒಂದು ಇನ್ನೂ ವಾರಕ್ಕೆ ಮೂರು ತತ್ತಿಯಿಡುತ್ತದೆ, ಕೆಂಪು ಹುಂಜಕ್ಕೆ ಅದೇ ಜೊತೆ. ಅಸೀಲ್ ಹುಂಜವನ್ನು ಸಿಂಧನೂರಿನ ಬೀಗರು ಎಂದಿನಿಂದಲೋ ಕೇಳುತ್ತಿದ್ದರು, ಕೊಟ್ಟು ಕಳಿಸಿದೆ.

ನಾಲ್ಕು ವಾರ ಕಾದು ದೀಪಾವಳಿಯ ನಂತರ ತತ್ತಿ ಕೂಡಿಡುತ್ತೇನೆ. ಪಕ್ಕದ ಮನೆಯವರು ಪ್ರತಿದಿನ ಬೆಳಗ್ಗೆ ಬೇಲಿಯ ಬಳಿ ನಿಂತು ಜವಾರಿ ಹೇಂಟೆಗಳ ತತ್ತಿ ನೀಲಿಯಾಯಿತೇ ಎಂದು ಇಣುಕುತ್ತಿದ್ದಾರೆ. ಪಂದ್ಯ ಒಂದು ಕಿಲೋ ಮೈಸೂರುಪಾಕಿಗೆ ನಿಂತಿದೆ.